ಸೇಡು ಮುಗಿಯದ ಕಥೆ

2016ರಲ್ಲಿ ಝೀ ಕನ್ನಡದಲ್ಲಿ ‘ನಾಗಿಣಿ’ ಆರಂಭವಾದಾಗ ನಮ್ಮ ಹುಳಿಯಾರಿನ ಮನೆಗಳಲ್ಲೂ ಅದನ್ನು ನೋಡುವವರಿದ್ದರು. ಹೆಣ್ಣಿನ ರೂಪ ತಾಳಿದ ಹಾವು ಸೇಡು ತೀರಿಸಿಕೊಳ್ಳುವ ಕಥೆ. ಕಲ್ಪನೆಯೆಂದು ತಿಳಿದೇ ಕುತೂಹಲದಿಂದ ನೋಡಿದೆವು. 2020ರಲ್ಲಿ ‘ನಾಗಿಣಿ 2’ ಬಂತು. ನಾಯಕಿ ಬದಲಾದರು, ಹೆಸರುಗಳು ಬದಲಾದವು. ಆದರೆ ಮತ್ತೆ ಅದೇ ಕೊಲೆ, ಅದೇ ಸೇಡು. ಹೊಸದೇನನ್ನೂ ಹೇಳದ ಕಥೆಗೆ ಎಷ್ಟು ಸಂಜೆಗಳನ್ನು ಕೊಟ್ಟೆವು!

ಬರೀ ನಿರಾಸೆಯಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ದಿನಗಳಲ್ಲೇ ನೆರೆಮನೆಯ ಹುಡುಗ ತೋಟದಲ್ಲಿ ಕೇರೆ ಹಾವನ್ನು ಹೊಡೆದು ಕೊಂದ. ಏಕೆಂದು ಕೇಳಿದೆ. “ಬಿಟ್ಟರೆ ನೆನಪಿಟ್ಟುಕೊಂಡು ಬರುತ್ತೆ ಟೀಚರ್, ಟಿವಿಯಲ್ಲಿ ನೋಡಿದ್ದೀನಿ” ಎಂದ.

ಕೇರೆಗೆ ವಿಷವಿಲ್ಲ. ಎಳನೀರು ಕೊರೆಯುವ ಇಲಿಗಳನ್ನು ತಿಂದು ನಮಗೇ ಉಪಕಾರ ಮಾಡುತ್ತದೆ. ಯಾವ ಹಾವೂ ಸೇಡು ಇಟ್ಟುಕೊಳ್ಳುವುದಿಲ್ಲ. ಹಾವು ಕಚ್ಚಿದರೆ ಮಂತ್ರ, ಬೇರು ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಥೆಯೇ ಬೇಡ ಎನ್ನಲಾರೆ. ನಮ್ಮ ಅಜ್ಜಿಯರೂ ಪರಿಗಳ, ಜಿನ್ನ್‌ಗಳ ಕಥೆ ಹೇಳಿದವರೇ. ಆದರೆ ಕೊನೆಗೆ, “ಇದು ಬರೀ ಕಥೆ, ಇನ್ನು ಮಲಗು” ಎನ್ನುತ್ತಿದ್ದರು. ಟಿವಿ ಆ ಮಾತು ಹೇಳುವುದಿಲ್ಲ. ಮಕ್ಕಳ ಪಕ್ಕದಲ್ಲಿ ಕುಳಿತು ನಾವೇ ಹೇಳಬೇಕು.