ಮಕ್ಕಳ ಸಮಿತಿಗೆ ಅಧ್ಯಕ್ಷರು ಬೇಕಾಗಿದ್ದಾರೆ

ನಮ್ಮ ಗಚ್ಚಿಬೌಲಿಯ ಕಂಪನಿಗಳಲ್ಲಿ ಒಂದು ಡೈರೆಕ್ಟರ್ ಹುದ್ದೆ ತುಂಬಲು ಐದಾರು ರೌಂಡ್ ಇಂಟರ್‌ವ್ಯೂ ಮಾಮೂಲು. ಬೇರೆಲ್ಲೋ ಆರಾಮವಾಗಿ ಇರುವವರನ್ನೇ ಹುಡುಕಿ ಏಜೆನ್ಸಿಯವರು ಫೋನ್ ಮಾಡುತ್ತಾರೆ. ಇಷ್ಟೆಲ್ಲ ಯಾಕೆಂದರೆ ಒಂದು ಸಾಫ್ಟ್‌ವೇರ್ ಹೊತ್ತಿಗೆ ಸರಿಯಾಗಿ ಹೊರಬರಲಿ ಅಂತ. ಹಾಗಾದರೆ, ಏಟು ತಿಂದ ಅಥವಾ ದಿಕ್ಕಿಲ್ಲದ ಮಗು ಇವತ್ತು ರಾತ್ರಿ ಎಲ್ಲಿ ಮಲಗಬೇಕು ಎಂದು ತೀರ್ಮಾನಿಸುವವರನ್ನು ಹೇಗೆ ಆರಿಸುತ್ತಾರೆ?

ಆ ತೀರ್ಮಾನ ಮಕ್ಕಳ ಕಲ್ಯಾಣ ಸಮಿತಿಯದು. 2015ರ ಬಾಲನ್ಯಾಯ ಕಾಯ್ದೆಯಂತೆ ಜಿಲ್ಲೆಗೆ ಒಂದಾದರೂ ಇರಬೇಕು: ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಇವರ ಮುಂದೆ ತರಬೇಕು. ಹೆತ್ತವರ ಜೊತೆ ಕಳಿಸಬೇಕೋ, ಬಾಲಮಂದಿರಕ್ಕೋ, ದತ್ತು ಕೊಡಬಹುದೆಂದು ಘೋಷಿಸಬೇಕೋ, ಎಲ್ಲ ಇವರ ಕೈಯಲ್ಲಿದೆ. ಮ್ಯಾಜಿಸ್ಟ್ರೇಟರ ಅಧಿಕಾರವೇ ಇದೆ.

ಆಯ್ಕೆಯ ನಿಯಮ ಕಾಗದದ ಮೇಲೆ ಚೆನ್ನಾಗಿದೆ. ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ನೇತೃತ್ವದ ಸಮಿತಿ ಆರಿಸುತ್ತದೆ. ಅಭ್ಯರ್ಥಿಗೆ ಕಾನೂನು, ಮನಶ್ಶಾಸ್ತ್ರ, ಸಮಾಜಕಾರ್ಯದಂಥ ಪದವಿ ಇರಬೇಕು; ಜೊತೆಗೆ ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ 7 ವರ್ಷ ದುಡಿದಿರಬೇಕು, ಇಲ್ಲವೇ ವೃತ್ತಿಯಲ್ಲಿರಬೇಕು. 2021ರ ತಿದ್ದುಪಡಿ ಬಂದ ಮೇಲೆ, ಅದೇ ಜಿಲ್ಲೆಯಲ್ಲಿ ಮಕ್ಕಳ ಪಾಲನಾ ಸಂಸ್ಥೆ ನಡೆಸುವವರಿಗೆ ಅವಕಾಶವಿಲ್ಲ. ಒಳ್ಳೆಯ ಕೆಲಸ ಮಾಡಿದರು.

ತೊಡಕು ಇರುವುದು ದುಡ್ಡಿನಲ್ಲಿ. ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು, ಅವಧಿ 3 ವರ್ಷ, ಸಂಬಳವಿಲ್ಲ. ಕೂತ ದಿನಕ್ಕೆ ಭತ್ಯೆ ಮಾತ್ರ. 2016ರ ಮಾದರಿ ನಿಯಮ ಹೇಳಿದ ಕನಿಷ್ಠ ಮೊತ್ತ ದಿನಕ್ಕೆ 1,500 ರೂಪಾಯಿ. 20 ದಿನಕ್ಕೆ 30,000. ಆಮೇಲೆ ಸ್ವಲ್ಪ ಏರಿದೆ, ನಿಜ. ಆದರೆ ನಮ್ಮ ಏರಿಯಾದಲ್ಲಿ ಎರಡು ಬೆಡ್‌ರೂಮಿನ ಮನೆ ಬಾಡಿಗೆ ಎಷ್ಟೆಂದು ನಿಮಗೇ ಗೊತ್ತು. ಪಿಂಚಣಿ ಬರುವವರು, ಮನೆಯಲ್ಲಿ ಇನ್ನೊಬ್ಬರ ಸಂಬಳ ಇರುವವರು ಅರ್ಜಿ ಹಾಕುತ್ತಾರೆ. ನಲವತ್ತರ ಆಸುಪಾಸಿನ, ಮನೆ ನಡೆಸಬೇಕಾದ ಒಬ್ಬ ಒಳ್ಳೆಯ ಸಮಾಜ ಕಾರ್ಯಕರ್ತೆ ಹಾಕುವುದಿಲ್ಲ. ಅರ್ಧ ಆಯ್ಕೆ ಇಂಟರ್‌ವ್ಯೂಗಿಂತ ಮೊದಲೇ ಮುಗಿದಿರುತ್ತದೆ. ಹುದ್ದೆಗಳು ಖಾಲಿ ಉಳಿಯುವುದೂ ಹೊಸದಲ್ಲ. ಬೇಗ ತುಂಬಿ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ, ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ, ಹೇಳಬೇಕಾಯಿತು.

ಇಂಗ್ಲೆಂಡಿನವರು ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತರು. 2000ದಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಹುಡುಗಿ ಹಿಂಸೆಯಿಂದ ಸತ್ತಳು. ಆಸ್ಪತ್ರೆ, ಪೊಲೀಸು, ಸ್ಥಳೀಯ ಆಡಳಿತ ಎಲ್ಲರಿಗೂ ಅವಳ ವಿಷಯ ಗೊತ್ತಿತ್ತು. ಹೊಣೆ ಮಾತ್ರ ಯಾರದೂ ಆಗಿರಲಿಲ್ಲ. ಲಾರ್ಡ್ ಲ್ಯಾಮಿಂಗ್ ವಿಚಾರಣೆಯ ನಂತರ ಬಂದ 2004ರ ಕಾಯ್ದೆಯು ಮಕ್ಕಳ ಸೇವೆಗೆ ಹೊಣೆಗಾರರಾಗಿ ಒಬ್ಬ ನಿರ್ದೇಶಕರನ್ನು ನೇಮಿಸಲೇಬೇಕೆಂದು ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಹೇಳಿತು. ಅದು ಸಂಬಳದ ಕೆಲಸ.

ನಮಗೆ ಇನ್ನೊಂದು ಚಿಂತೆಯೂ ಇದೆ. ನಾನಕ್‌ರಾಮಗುಡ, ಕೊಂಡಾಪುರದ ಕಟ್ಟಡಗಳಲ್ಲಿ ದುಡಿಯುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರಿದ್ದಾರೆ. ತೆಲಂಗಾಣ ಪೊಲೀಸರು ಜನವರಿಯಲ್ಲಿ ಆಪರೇಷನ್ ಸ್ಮೈಲ್, ಜುಲೈಯಲ್ಲಿ ಮುಸ್ಕಾನ್ ಎಂದು ಮಕ್ಕಳನ್ನು ಹುಡುಕುತ್ತಾರೆ. ಸಿಕ್ಕ ಮಗು ‘ಅವ್ವ ಎಲ್ಲೈದಾಳ’ ಎಂದು ಕೇಳಿದರೆ ಎದುರಿಗೆ ಕೂತವರಿಗೆ ಅರ್ಥವಾಗಬೇಕಲ್ಲ. ಅರ್ಹತೆಯ ಪಟ್ಟಿಯಲ್ಲಿ ಭಾಷೆಯ ಮಾತೇ ಇಲ್ಲ.

ಇಲ್ಲಿನ ನಮ್ಮ ಕನ್ನಡಿಗರಲ್ಲಿ ಶಿಕ್ಷಕಿಯರಿದ್ದಾರೆ, ಮಕ್ಕಳ ಡಾಕ್ಟರಿದ್ದಾರೆ, ವಕೀಲರಿದ್ದಾರೆ. ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಸೂಚನೆ ಕಣ್ಣಿಗೆ ಬಿದ್ದರೆ, 35 ದಾಟಿದ ಅಂಥವರಿಗೆ ವಾಟ್ಸಾಪ್ ಮಾಡಿ. ಎಷ್ಟು ಕೊಡ್ತಾರೆ ಎಂದು ಕೇಳಿದರೆ ನಿಜವನ್ನೇ ಹೇಳಿ.