ಊಹೆ ಮತ್ತು ಗಣಿತ

ಗಣಿತದಲ್ಲಿ ಉತ್ತರವು ಒಂದೋ ಸರಿ, ಇಲ್ಲವೆ ತಪ್ಪು. ಅಂದಾಜಿಗೆ ಅಲ್ಲಿ ಎಡೆಯಿಲ್ಲ ಎಂಬ ನಂಬಿಕೆ ಬಹುಮಂದಿಯಲ್ಲಿ ಬೇರೂರಿದೆ. ಪರೀಕ್ಷೆಯ ಲೆಕ್ಕಗಳ ಮಟ್ಟಿಗೆ ಇದು ಒಪ್ಪತಕ್ಕ ಮಾತೇ. ಆದರೆ ವ್ಯವಹಾರದಲ್ಲಿ ಎದುರಾಗುವ ಲೆಕ್ಕಗಳು ಪರೀಕ್ಷಕನ ಅನುಕೂಲವನ್ನು ನೋಡಿಕೊಂಡು ಹುಟ್ಟುವುದಿಲ್ಲ.

ಮಾರಾಟಗಾರನೊಬ್ಬನು ಹಲವು ಊರುಗಳಿಗೆ ಒಂದೊಂದು ಸಲ ಹೋಗಿ, ಹೊರಟ ಊರಿಗೇ ಹಿಂದಿರುಗಬೇಕು. ಅತಿ ಕಡಿಮೆ ದೂರದ ಸುತ್ತು ಯಾವುದು? ಪ್ರಶ್ನೆ ಇಷ್ಟೆ. ಹತ್ತು ಊರುಗಳಿದ್ದರೆ 1,81,440 ಬಗೆಯ ಸುತ್ತುಗಳು ಸಾಧ್ಯ. ಸೆಕೆಂಡಿಗೆ ನೂರು ಕೋಟಿ ಸುತ್ತುಗಳನ್ನು ಅಳೆಯುವ ಗಣಕಯಂತ್ರಕ್ಕೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸವೂ ಅಲ್ಲ. ಊರುಗಳು ಇಪ್ಪತ್ತಾದರೆ, ಎಲ್ಲ ಸುತ್ತುಗಳನ್ನೂ ಒಂದೊಂದಾಗಿ ಅಳೆಯಲು ಅದೇ ಯಂತ್ರಕ್ಕೆ ಸುಮಾರು 2 ವರ್ಷಗಳು ಬೇಕು. ಇಪ್ಪತ್ತೈದಾದರೆ ಸುಮಾರು 98 ಲಕ್ಷ ವರ್ಷಗಳು! ಸರಕು ತುಂಬಿದ ಲಾರಿ ಅಷ್ಟು ಕಾಲ ಕಾದು ನಿಂತೀತೆ?

ಇಂಥಲ್ಲಿ ನೆರವಿಗೆ ಬರುವುವು ಹ್ಯೂರಿಸ್ಟಿಕ್ ವಿಧಾನಗಳು. 'ಕಂಡುಕೊಳ್ಳು' ಎಂಬರ್ಥದ ಗ್ರೀಕ್ ಧಾತುವಿನಿಂದ ಈ ಹೆಸರು ಬಂದಿದೆ. ಆರ್ಕಿಮಿಡೀಸನು ಕೂಗಿದನೆನ್ನಲಾದ 'ಯುರೇಕಾ' ಇದರ ಸೋದರ ಪದ. ಸಮಸ್ಯೆಗಳನ್ನು ಬಿಡಿಸುವ ಬಗೆಯನ್ನು ಕುರಿತು 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜಾರ್ಜ್ ಪೋಲ್ಯಾ ಅವರು ಇದಕ್ಕೆ ಹೊಸ ಮನ್ನಣೆ ತಂದುಕೊಟ್ಟರು. ಎಲ್ಲ ಸಾಧ್ಯತೆಗಳನ್ನೂ ಜಾಲಾಡದೆ, ವಿವೇಕದ ಒಂದು ನಿಯಮವನ್ನು ಹಿಡಿದು ಒಳ್ಳೆಯ ಉತ್ತರದತ್ತ ಸಾಗುವುದೇ ಇದರ ತಿರುಳು. 'ಉಳಿದವುಗಳಲ್ಲಿ ಅತಿ ಸಮೀಪದ ಊರಿಗೆ ಮೊದಲು ಹೋಗು' ಎಂಬುದು ಅಂಥದೊಂದು ನಿಯಮ.

ಇದನ್ನು ಕಣ್ಣು ಮುಚ್ಚಿ ನಂಬಬಹುದೆ? ನೇರವಾದ ಒಂದು ರಸ್ತೆಯ ಮೇಲೆ ಅಂಚೆ ಕಚೇರಿಯಿದೆ. ಅದರ ಪೂರ್ವಕ್ಕೆ 1 ಮತ್ತು 5 ಕಿಲೋಮೀಟರು, ಪಶ್ಚಿಮಕ್ಕೆ 2 ಮತ್ತು 10 ಕಿಲೋಮೀಟರು ದೂರದಲ್ಲಿ ಹಳ್ಳಿಗಳಿವೆ. ಸಮೀಪದ ಹಳ್ಳಿಯನ್ನೇ ಅರಸುತ್ತ ಹೊರಟ ಅಂಚೆಯವನು ಪೂರ್ವಕ್ಕೊಮ್ಮೆ, ಪಶ್ಚಿಮಕ್ಕೊಮ್ಮೆ ಎಡತಾಕಿ, ಕಚೇರಿಗೆ ಮರಳುವ ವೇಳೆಗೆ 36 ಕಿಲೋಮೀಟರು ನಡೆದಿರುತ್ತಾನೆ. ಪೂರ್ವದ ಹಳ್ಳಿಗಳನ್ನೆಲ್ಲ ಮುಗಿಸಿಕೊಂಡು ಪಶ್ಚಿಮಕ್ಕೆ ಹೋಗಿದ್ದರೆ 30 ಸಾಕಾಗುತ್ತಿತ್ತು. ಹೆಜ್ಜೆಹೆಜ್ಜೆಗೂ ಜಾಣತನ ತೋರಿದವನ ಕಾಲೇ ಹೆಚ್ಚು ಸವೆಯಿತು.

ಹಾಗೆಂದು ಊಹೆಯನ್ನು ಗಣಿತದಿಂದ ಹೊರಗಟ್ಟುವುದು ಅವಿವೇಕ. ದೋಷವಿರುವುದು ಊಹಿಸುವುದರಲ್ಲಲ್ಲ, ಊಹೆ ಎಷ್ಟು ದೂರ ತಪ್ಪೀತೆಂದು ವಿಚಾರಿಸದಿರುವುದರಲ್ಲಿ. ಯಂತ್ರವು ಕೊಟ್ಟ ಉತ್ತರವೆಂಬ ಒಂದೇ ಕಾರಣಕ್ಕೆ ಅದನ್ನು ಪ್ರಶ್ನಿಸದೆ ಒಪ್ಪುವವರು ಈ ವಿಚಾರಣೆಯನ್ನೇ ಮರೆಯುತ್ತಾರೆ. ನಿಕೋಸ್ ಕ್ರಿಸ್ಟೋಫಿಡೀಸ್ ಅವರು ಮರೆಯಲಿಲ್ಲ. ಹೋಗುವ ದೂರವೂ ಬರುವ ದೂರವೂ ಒಂದೇ ಆಗಿದ್ದು, ನೇರ ದಾರಿಯು ಬಳಸುದಾರಿಗಿಂತ ಉದ್ದವಾಗಿರದ ಪಕ್ಷದಲ್ಲಿ, ತಮ್ಮ ವಿಧಾನದಿಂದ ದೊರೆತ ಸುತ್ತು ಅತ್ಯಲ್ಪ ಸುತ್ತಿನ ಒಂದೂವರೆಯಷ್ಟನ್ನು ಎಂದಿಗೂ ಮೀರದೆಂದು ಅವರು 1976ರಲ್ಲಿ ಸಾಧಿಸಿ ತೋರಿಸಿದರು. ಇಂಥ ಭರವಸೆಯುಳ್ಳ ಅಂದಾಜು ನಿಖರವಾದ ಗಣಿತವೇ ಸರಿ.

ಅಂದಾಜಿನ ದಾರಿ ಕೆಲವೊಮ್ಮೆ ನೇರವಾಗಿ ಗುರಿಯನ್ನೇ ಮುಟ್ಟುವುದುಂಟು. ಗಣಕದ ಬಿಲ್ಲೆಯೊಂದರ ತಯಾರಿಕೆಯಿಂದ ಹುಟ್ಟಿದ 85,900 ಬಿಂದುಗಳ ಸಮಸ್ಯೆಗೆ ಡೆನ್ಮಾರ್ಕಿನ ಕೆಲ್ಡ್ ಹೆಲ್ಸ್‌ಗಾನ್ ಅವರು 2004ರಲ್ಲಿ ಹ್ಯೂರಿಸ್ಟಿಕ್ ವಿಧಾನದಿಂದಲೇ ಒಂದು ಸುತ್ತನ್ನು ಕಂಡುಹಿಡಿದರು. ಅದಕ್ಕಿಂತ ಚಿಕ್ಕದು ಇಲ್ಲವೆಂಬುದು 2006ರಲ್ಲಿ ನಿಶ್ಚಯವಾಯಿತು. ಆ ಒಂದು ನಿಶ್ಚಯಕ್ಕಾಗಿ ಹಲವು ಯಂತ್ರಗಳು ಒಟ್ಟಾಗಿ ದುಡಿದವು. ಒಂದೇ ಯಂತ್ರಕ್ಕೆ ವಹಿಸಿದ್ದರೆ 136 ವರ್ಷಗಳು ಹಿಡಿಯುತ್ತಿದ್ದವು.