ತಾಯಿ ಕಾರ್ಡ್ ಇಲ್ಲ ಅಂದ್ರೂ ಹೆರಿಗೆಗೆ ಸೇರಿಸಿಕೊಳ್ಳಲೇಬೇಕು; ಆಮೇಲೆ ನೋಡಿಕೊಳ್ಳೋಕೆ ನರ್ಸ್ ಎಷ್ಟಿದ್ದಾರೆ?

ಬೆಂಗಳೂರು: ಬಿಟಿಎಂ ಲೇಔಟ್‌ನ ಹೋಟೆಲ್‌ಗಳು, ಜೆ.ಪಿ. ನಗರದ ಕಟ್ಟಡ ಕಾಮಗಾರಿಗಳು, ಬನಶಂಕರಿಯ ಅಂಗಡಿಗಳಲ್ಲಿ ದುಡಿಯೋರಲ್ಲಿ ಹೊರಗಿನಿಂದ ಬಂದ ಕುಟುಂಬಗಳು ಬಹಳ. ಇಂಥ ಮನೆಯ ಗರ್ಭಿಣಿಗೆ ರಾತ್ರಿ ನೋವು ಶುರುವಾದ್ರೆ ಮೊದಲ ಭಯ ಒಂದೇ: ತಾಯಿ ಕಾರ್ಡ್ ಇಲ್ಲ, ಸೇರಿಸ್ಕೋತಾರಾ?

ಈ ಭಯಕ್ಕೆ ಕಾರಣ ಇದೆ. 2022ರ ನವೆಂಬರ್‌ನಲ್ಲಿ ತುಮಕೂರು ಜಿಲ್ಲಾಸ್ಪತ್ರೆಗೆ ಹೋದ ತಮಿಳುನಾಡು ಮೂಲದ ಗರ್ಭಿಣಿಯನ್ನು ತಾಯಿ ಕಾರ್ಡ್ ಇಲ್ಲವೆಂದು ವಾಪಸ್ ಕಳಿಸಿದ ಆರೋಪ ಕೇಳಿಬಂತು. ಮನೆಯಲ್ಲೇ ಹೆರಿಗೆಯಾಗಿ ತಾಯಿ, ಅವಳಿ ಶಿಶುಗಳು ಮೂವರೂ ತೀರಿಕೊಂಡರು. ಒಬ್ಬ ವೈದ್ಯೆ, ಮೂವರು ನರ್ಸ್‌ಗಳು ಅಮಾನತಾದರು. ತುರ್ತು ಹೊತ್ತಲ್ಲಿ ದಾಖಲೆ ಕಡ್ಡಾಯ ಅಲ್ಲ ಅಂತ ಸರ್ಕಾರ ಸ್ಪಷ್ಟಪಡಿಸಿತು.

ಆದರೆ ಅಮಾನತಿನಿಂದ ಅರ್ಧ ಸಮಸ್ಯೆಯೂ ಬಗೆಹರಿಯಲ್ಲ. ರಾತ್ರಿ ಪಾಳಿಯಲ್ಲಿ ಬಾಗಿಲಲ್ಲಿ ಮೊದಲು ಸಿಗೋದೂ ನರ್ಸ್, ಹೆರಿಗೆ ಕೋಣೆಯಲ್ಲಿ ಕೊನೆವರೆಗೂ ಇರೋದೂ ನರ್ಸ್.

ಹೆರಿಗೆ ಆಯ್ತು ಅಂದ ಕೂಡಲೇ ಅಪಾಯ ಮುಗಿಯಲ್ಲ. ಗರ್ಭಕೋಶ ಬಿಗಿಯಾಗದಿದ್ರೆ ಸ್ವಲ್ಪ ಹೊತ್ತಲ್ಲೇ ರಕ್ತಸ್ರಾವ ಜೀವಕ್ಕೆ ಎರವಾಗುತ್ತೆ. ಅದಕ್ಕೇ ಮಗು ಹುಟ್ಟಿದ ನಿಮಿಷದೊಳಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕು. ಮೊದಲ ಎರಡು ಗಂಟೆ, ಪ್ರತಿ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ರಕ್ತಸ್ರಾವ ನೋಡಬೇಕು. ಅಂದರೆ ಒಬ್ಬ ತಾಯಿಗೆ 8 ಸಲ. ಒಂದೇ ಹೊತ್ತಿಗೆ ಮೂವರಿಗೆ ಹೆರಿಗೆಯಾದರೆ 24 ಸಲ. ಇದರ ಜೊತೆಗೆ ಮಗುವನ್ನು ಒರೆಸಿ ತಾಯಿಯ ಎದೆಗೆ ಹಾಕಬೇಕು, ಉಸಿರಾಟ ಗಮನಿಸಬೇಕು, ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ಗಲ್ಲಾ, ಗೋಡೌನ್ ಎರಡನ್ನೂ ಒಬ್ಬನೇ ಹುಡುಗನಿಗೆ ಬಿಟ್ಟರೆ ಏನಾಗುತ್ತೆ ಅಂತ ಅಂಗಡಿ ನಡೆಸೋರಿಗೆ ಹೇಳಬೇಕಿಲ್ಲ. ಇಲ್ಲಿ ಹೋಗೋದು ಜೀವ.

2018-20ರ ಅಂಕಿ-ಅಂಶದಂತೆ, ಒಂದು ಲಕ್ಷ ಜೀವಂತ ಜನನಕ್ಕೆ ಕರ್ನಾಟಕದಲ್ಲಿ ತಾಯಂದಿರ ಸಾವು 69. ತಮಿಳುನಾಡಲ್ಲಿ 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು.

ಮನೆಗೆ ಬಂದ ಮೇಲೂ ಆರೈಕೆ ಮುಗಿಯಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಬಾಡಿಗೆ ಮನೆ ಬದಲಿಸಿದವರು, ಬಾಣಂತನಕ್ಕೆ ತವರಿಗೆ ಹೋದವರು ಹೊಸ ವಿಳಾಸ ತಿಳಿಸದಿದ್ರೆ ಈ ಭೇಟಿ ತಪ್ಪಿಹೋಗುತ್ತೆ.

ನಿಮ್ಮ ಅಂಗಡಿ, ಹೋಟೆಲ್‌ನಲ್ಲಿ ಕೆಲಸ ಮಾಡೋರ ಮನೆಯಲ್ಲಿ ಗರ್ಭಿಣಿ ಇದ್ರೆ ಈಗಲೇ ತಾಯಿ ಕಾರ್ಡ್ ಮಾಡಿಸೋಕೆ ಹೇಳಿ. ಆಗದಿದ್ರೂ ನೋವು ಬಂದಾಗ ಕಾಯೋದು ಬೇಡ, 108ಕ್ಕೆ ಕರೆ ಮಾಡಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿ ಹೆರಿಗೆ, ಔಷಧಿ, ಊಟ ಉಚಿತ. ಇದು 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಸೌಲಭ್ಯ.

ಇನ್ನು ಜನಪ್ರತಿನಿಧಿಗಳು ಹೊಸ ಕಟ್ಟಡ, ಹೆಚ್ಚುವರಿ ಬೆಡ್ ಅಂತ ಘೋಷಿಸಿದಾಗ ಜಯನಗರ, ಬನಶಂಕರಿ ಜನ ಕೇಳಬೇಕಾದ್ದು ಒಂದೇ ಪ್ರಶ್ನೆ: ರಾತ್ರಿ ಪಾಳಿಯಲ್ಲಿ ಹೆರಿಗೆ ವಾರ್ಡ್‌ಗೆ ಎಷ್ಟು ನರ್ಸ್ ಹಾಕ್ತೀರಿ?